ಕೈ ಎತ್ತಿದ್ದು ಸೊಂಟ

ಅವತ್ತು ಬೆಳಿಗ್ಗೆಯೂ ಗಂಡನ ತಲೆ ಬಾಚಿದ್ದು ಅವಳೇ. ಅವನ ಬಲಗೈ ನೆತ್ತಿಯವರೆಗೆ ಹೋಗುತ್ತಿರಲಿಲ್ಲ.

"ಹೆಂಡ್ತಿ ಕೈಲಿ ತಲೆ ಬಾಚಿಸ್ಕೊಳ್ಳೋ ಯೋಗ ಯಾರಿಗಿದೆ ಹೇಳೇ" ಎಂದು ಕನ್ನಡಿಯಲ್ಲಿ ಹಲ್ಲು ಕಿರಿದ.

"ಯೋಗ ಹಾಗಿರ್ಲಿ. ಭುಜ ಹಿಡ್ಕೊಂಡಿದೆ ಅಂತ ಮೇಸ್ತ್ರಿಗೆ ಹೇಳ್ರಿ. ಕೆಳಗಿನ ಗೋಡೆ ಕೊಡ್ಲಿ."

ಹ್ಞೂಂ ಅಂದ. ಡಬ್ಬಿ ಎತ್ತಿಕೊಂಡು ಹೋದ. ಹೇಳಲಿಲ್ಲ. ಅವನ ಹ್ಞೂಂ ಎಂದರೆ ಅಷ್ಟೇ.

ಬಣ್ಣ ಬಳಿಯುವವರನ್ನು ಮೇಸ್ತ್ರಿ ಆರಿಸುವ ರೀತಿ ಒಂದೇ. ಗೋಡೆಯ ಮೇಲೊಂದು ಗೆರೆ. ಕೈ ಎತ್ತಿ ಮುಟ್ಟಿದವನು ಏಣಿ ಹತ್ತಬಹುದು. ಅವಳ ಗಂಡನೂ ಮುಟ್ಟಿದ್ದ. ಹೇಗೆ ಮುಟ್ಟಿದ ಎಂದು ಮೇಸ್ತ್ರಿ ನೋಡಲಿಲ್ಲ. ಭುಜದ ಕೀಲು ಆಡದಿದ್ದರೆ ಮೈ ಸುಮ್ಮನಿರುವುದಿಲ್ಲ. ಸೊಂಟ ಪಕ್ಕಕ್ಕೆ ವಾಲುತ್ತದೆ, ಬೆನ್ನು ಬಿಲ್ಲಾಗುತ್ತದೆ, ಹೆಗಲು ಕಿವಿಗೆ ತಾಗುತ್ತದೆ. ಕೈ ಮೇಲೆ ಹೋಗುತ್ತದೆ. ನೋಡುವವನು ಬೆರಳ ತುದಿ ಮಾತ್ರ ನೋಡುತ್ತಾನೆ.

ಇದನ್ನು ಅವಳಿಗೆ ತೋರಿಸಿದ್ದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲಿನ ಮೇಲೆ ಅಂಗೈ ಒತ್ತಿ ಹಿಡಿದು, ಈಗ ಎತ್ತಿ ಅಂದಳು. ಕೈ ಎದೆಮಟ್ಟಕ್ಕೆ ಬಂದು ನಿಂತಿತು. ಭುಜದ್ದು ಇಷ್ಟೇ, ಉಳಿದದ್ದೆಲ್ಲ ಸೊಂಟದ್ದು ಅಂದಳು. ನೆಲದ ಮೇಲೆ ವಾಲಿದರೆ ಕಾಲು ತಡೆಯುತ್ತದೆ, ಏಣಿಯ ಮೇಲೆ ವಾಲಿದರೆ ಮೈಭಾರ ಏಣಿಯ ಹೊರಗೆ ಹೋಗುತ್ತದೆ, ಹತ್ತಬೇಡಿ ಅಂತಲೂ ಹೇಳಿದಳು. ಅದಕ್ಕೂ ಅವನು ಹ್ಞೂಂ ಅಂದಿದ್ದ.

ಅವತ್ತು ಮಧ್ಯಾಹ್ನ ಛಾವಣಿಯ ಮೂಲೆಗೆ ಬ್ರಷ್ ಚಾಚಿದ. ಏಣಿ ಅವನನ್ನೂ ಕರೆದುಕೊಂಡು ಪಕ್ಕಕ್ಕೆ ಬಿತ್ತು.

ತಿಥಿಯೆಲ್ಲ ಮುಗಿದ ಮೇಲೆ ಮೇಸ್ತ್ರಿ ಮನೆಗೆ ಬಂದ. ಕಾಲು ಜಾರಿತು ತಾಯಿ, ಹಣೆಬರಹ ಅಂದ. ಕೂತವರೆಲ್ಲ ತಲೆಯಾಡಿಸಿದರು. ಅವಳ ಮೈ ಉರಿಯಿತು. ಆ ಕಾಲಿಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಮೇಸ್ತ್ರಿ ಅಷ್ಟಕ್ಕೇ ಬಿಡದೆ, ಅಣ್ಣನ ಜಾಗಕ್ಕೆ ತಮ್ಮ ಬರಲಿ ಅಂದ. ಮೈದುನನ ಎಡಭುಜ ಹಿಂದೊಮ್ಮೆ ಕಳಚಿ ಕೂತದ್ದು. ಆದರೂ ಅವನು ಆಗಲೇ ಎದ್ದು ನಿಂತು ಎರಡೂ ಕೈ ಮೇಲೆತ್ತಿದ್ದ. ಸೊಂಟ ವಾಲಿದ್ದು ಅವಳೊಬ್ಬಳಿಗೇ ಕಂಡಿತು.

ಅವಳು ಹೋಗಿ ಆ ಹೆಗಲನ್ನು ಒತ್ತಿ ಹಿಡಿದಳು. ಅದುವರೆಗೆ ಮೇಸ್ತ್ರಿಗೆ ಬಹುವಚನ ಬಿಡದವಳು ಅಂದಳು, "ಈಗ ನೋಡು ಮೇಸ್ತ್ರಿ. ಒಬ್ಬರನ್ನ ತಿಂದಾಯ್ತು. ಇವನನ್ನ ಕೊಡಲ್ಲ."

ಎತ್ತಿದ್ದ ಎಡಗೈ ಅರ್ಧಕ್ಕೆ ಇಳಿದು ನಿಂತಿತು.

"ಅತ್ತಿಗೆ, ಮಾನ ಕಳೀಬೇಡಿ" ಎಂದು ಮೈದುನ ಪಿಸುಗುಟ್ಟಿದ.

"ಮಾನ ನಿಮ್ಮಣ್ಣ ಚೆನ್ನಾಗೇ ಉಳಿಸ್ಕೊಂಡ್ರು."

ಮೇಸ್ತ್ರಿ ಎದ್ದು ಚಪ್ಪಲಿ ಮೆಟ್ಟಿದ.

ಮೈದುನ ಈಗ ನೆಲದ ಮೇಲೆ ನಿಂತು ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚುತ್ತಾನೆ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸುತ್ತಾಳೆ. ಹೆಗಲು ಒತ್ತಿ ಹಿಡಿದು ಕೈಯನ್ನು ನಿಧಾನಕ್ಕೆ ಎತ್ತುತ್ತಾಳೆ, ನೋಯುವಲ್ಲಿ ನಿಲ್ಲಿಸುತ್ತಾಳೆ, ಇಳಿಸಿ ಮತ್ತೆ ಎತ್ತುತ್ತಾಳೆ. ಅವನು ಗೊಣಗುತ್ತಾನೆ. ಸೊಂಟ ವಾಲಿಸಿದರೆ ತಲೆಗೊಂದು ಮೊಟಕುತ್ತಾಳೆ.