ಕಲ್ಯಾಣ ಮಂಟಪಕ್ಕೆ ಹೋದ ಪಿಳ್ಳಮ್ಮನವರ ಹಸು

ತೂಬಗೆರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಪಿಳ್ಳಮ್ಮನವರು ಯಾರ ಜಗಳಕ್ಕೂ ಹೋದವರಲ್ಲ. ಅರವತ್ತೆರಡು ವರ್ಷ ವಯಸ್ಸು, ಒಂದು ನಾಟಿ ಹಸು, ಅದರ ಕರು, ಅರ್ಧ ಎಕರೆ ರಾಗಿ ಹೊಲ. ಇಷ್ಟೇ ಅವರ ಸಂಸಾರ. ಹಸುವಿನ ಹೆಸರು ಗೌರಿ. ಪಿಳ್ಳಮ್ಮನವರ ಕೈಗಲ್ಲದೆ ಬೇರೆಯವರ ಕೈಗೆ ಅದು ಹನಿ ಹಾಲನ್ನೂ ಕೊಡುತ್ತಿರಲಿಲ್ಲ. ಮಗಳ ಹೆರಿಗೆಗೆ ಹೋದಾಗಲೂ ಮೊಮ್ಮಗನ ಮುಖ ನೋಡಿ ಸಂಜೆಯ ಬಸ್ಸಿಗೇ ಹಿಂದಿರುಗಿದವರು ಅವರು.

ಇಂಥವರು ಊರಿನ ಹಾಲಿನ ಡೇರಿಗೆ ನಿರ್ದೇಶಕರಾದರು. ಉಳಿದಿದ್ದ ಒಂದು ಮಹಿಳಾ ಸ್ಥಾನಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ, ಅಷ್ಟೆ. ಆಮೇಲೆ ಅಧ್ಯಕ್ಷರ ಆಯ್ಕೆ ಬಂತು. ಇಪ್ಪತ್ತಾರು ವರ್ಷಗಳಿಂದ ಅಧ್ಯಕ್ಷರಾಗಿದ್ದ ಗೋಪಾಲಪ್ಪನವರು ಒಂದು ಕಡೆ. ಎಂಟು ಹಸು ಸಾಕಿರುವ, ನನ್ನ ಹಳೆಯ ವಿದ್ಯಾರ್ಥಿನಿ ಪದ್ಮಶ್ರೀ ಇನ್ನೊಂದು ಕಡೆ. ಹದಿಮೂರು ನಿರ್ದೇಶಕರಲ್ಲಿ ಆರು ಮಂದಿ ಇಲ್ಲಿ, ಆರು ಮಂದಿ ಅಲ್ಲಿ. ಹದಿಮೂರನೆಯವರು ಪಿಳ್ಳಮ್ಮನವರು.

ಅವರಿಗೆ ಅನ್ನ ಸೇರದಾಯಿತು. ಗಂಡ ತೀರಿಕೊಂಡ ತಿಂಗಳಲ್ಲೇ ಮನೆಬಾಗಿಲಿಗೆ ಬಂದು ಡೇರಿಯ ಸದಸ್ಯತ್ವ ಮಾಡಿಸಿಕೊಟ್ಟವರು ಗೋಪಾಲಪ್ಪನವರು. ಹಿಂದಿನ ವರ್ಷ ಗೌರಿ ಕರು ಹಾಕಿ ಮೇಲೇಳಲಾರದೆ ಮಲಗಿದಾಗ, "ನಾಳೆ ಡಾಕ್ಟ್ರಿಗೆ ಹೇಳ್ತೀನಿ ಬಿಡು" ಎಂದವರೂ ಅವರೇ. ಅಂದೇ ಡಾಕ್ಟರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದವಳು ಪದ್ಮಶ್ರೀ. ಒಬ್ಬರಿಗೆ ಕೈ ಎತ್ತಿದರೆ ಇನ್ನೊಬ್ಬರ ಮುಖ ನೋಡುವುದು ಹೇಗೆ?

ನಮ್ಮ ಕಡೆ ಚುನಾವಣೆಗೆ ಮುಂಚೆ ಸದಸ್ಯರು ಎದುರಾಳಿಗಳ ಕೈಗೆ ಸಿಗದಂತೆ ಅವರನ್ನು ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿಯಿದೆ. ಗೋಪಾಲಪ್ಪನವರ ಬಲಗೈಯಾದ ಬೈರೇಶ್ ಬಂದು ಕರೆದ.

"ನಾನು ಬಂದ್ಬಿಟ್ರೆ ಗೌರಿ ಹಾಲು ಯಾರಪ್ಪಾ ಕರೀತಾರೆ?"

"ಅಷ್ಟೇ ತಾನೇ ಪಿಳ್ಳಕ್ಕ? ಗೌರಿನೂ ಬರ್ಲಿ!"

ಮಾರನೆಯ ದಿನ ಹಸು, ಕರು, ಎರಡು ಹೊರೆ ಹುಲ್ಲು ಮತ್ತು ಪಿಳ್ಳಮ್ಮನವರು ಟೆಂಪೊ ಹತ್ತಿದರು. ಆಷಾಢವಾದ್ದರಿಂದ ನೆಲಮಂಗಲದಾಚೆ ಹೆದ್ದಾರಿಯ ಪಕ್ಕದ ಕಲ್ಯಾಣ ಮಂಟಪವೊಂದು ಖಾಲಿ ಬಿದ್ದಿತ್ತು. ಮ್ಯಾನೇಜರನ ಪುಸ್ತಕದಲ್ಲಿ ಇದ್ದದ್ದು ವಧು, ವರ ಎಂಬ ಎರಡೇ ಕಲಂ.

"ಖಾಲಿ ಬಿಡಂಗಿಲ್ಲ ಗುರು, ಓನರ್ ಬೈತಾರೆ. ಯಾವುದಾದ್ರೂ ಎರಡು ಹೆಸ್ರು ಹೇಳು."

ಬೈರೇಶ್ ತೋಚಿದ್ದನ್ನು ಹೇಳಿದ. ವಧು ಗೌರಿ, ವರ ಗೋಪಾಲಪ್ಪ ಎಂದು ರಸೀದಿಯಾಯಿತು. ವಧುವನ್ನು ಊಟದ ಮನೆಯ ಕಂಬಕ್ಕೆ ಕಟ್ಟಿದರು. ಗೋಪಾಲಪ್ಪನವರೂ ಸೇರಿ ಆರು ನಿರ್ದೇಶಕರು ಅದರ ಎದುರಿಗೇ ಸಾಲಾಗಿ ಕುಳಿತು ಮೂರು ಹೊತ್ತು ಉಂಡರು.

ಮೂರನೆಯ ದಿನ ಬೆಳಿಗ್ಗೆ ಪಿಳ್ಳಮ್ಮನವರು ನುಣುಪು ನೆಲದ ಮೇಲೆ ಜಾರಿ ಬಿದ್ದು ಮುಂಗೈ ಉಳುಕಿಸಿಕೊಂಡರು. ಗೌರಿಯ ಕೆಚ್ಚಲು ಬಿಗಿಯುತ್ತಾ ಬಂತು. ಕರುವಿಗೇ ಬಿಟ್ಟುಬಿಡೋಣವೆಂದರೆ ಅಷ್ಟನ್ನೂ ಕುಡಿದು ಅದಕ್ಕೆ ಭೇದಿಯಾದೀತೆಂಬ ಭಯ. ಪಿಳ್ಳಮ್ಮನವರ ಕಣ್ಣಲ್ಲಿ ನೀರಾಡಿತು.

"ಡೇರಿ ಅಧ್ಯಕ್ಷ ನಾನಿಲ್ವಾ ತಂಗೀ?" ಎಂದು ಗೋಪಾಲಪ್ಪನವರು ಎದ್ದರು. ವಾಸನೆಗೆ ಹಸು ಒಗ್ಗಲೆಂದು ಪಿಳ್ಳಮ್ಮನವರ ಹಳೆಯ ಸೀರೆಯನ್ನು ತಲೆಯ ಮೇಲಿಂದ ಹೊದ್ದುಕೊಂಡು ಚೆಂಬು ಹಿಡಿದು ಕುಳಿತರು. ಗೌರಿ ಒಂದೇ ಒದೆ ಕೊಟ್ಟಿತು. ಚೆಂಬು ಅಡಿಗೆಮನೆಯವರೆಗೆ ಉರುಳಿತು.

"ಕರು ಬಿಡದೇ ಕೂತ್ಯಲ್ಲಣ್ಣಾ!" ಎಂದರು ಪಿಳ್ಳಮ್ಮನವರು. "ಮೊದ್ಲು ಕರು ನಾಕು ಗುಟುಕು ಕುಡೀಬೇಕು, ಆಮೇಲಲ್ವಾ ಹಸು ಹಾಲಿಳಿಸೋದು? ಕೂಸಿಗೂ ಗೊತ್ತು. ನಿಮ್ಮನೇಲಿ ಹಸು ಇಲ್ವಾ?"

ಸೀರೆಯೊಳಗಿನಿಂದ ಸಣ್ಣ ಸ್ವರ ಬಂತು. "ಹದಿನೈದು ವರ್ಷ ಆಯ್ತು ಕಣಮ್ಮ. ಡೇರಿಗೆ ನನ್ನ ಹೆಸ್ರಲ್ಲಿ ಬರೋದು ತಮ್ಮನ ಮನೆ ಹಾಲು."

ಉಳಿದ ಐವರು ನಿರ್ದೇಶಕರೂ ಒಟ್ಟಿಗೆ ಚಾವಣಿಯನ್ನು ನೋಡತೊಡಗಿದರು.

ಪಿಳ್ಳಮ್ಮನವರು ಎಡಗೈಯಿಂದ ಪದ್ಮಶ್ರೀಗೆ ಫೋನು ಮಾಡಿದರು. ಎರಡು ಗಂಟೆಯೊಳಗೆ ಅವಳ ಸ್ಕೂಟರು ಗೇಟಿಗೆ ಬಂತು. ಬೈರೇಶ್ ಅಡ್ಡ ನಿಂತ.

"ಎದುರು ಪಾರ್ಟಿಯೋರಿಗೆ ಒಳಗಡೆ ಎಂಟ್ರಿ ಇಲ್ಲ."

"ಲೇ ಬೈರೇಶ, ಹಸು ನರಳ್ತಾ ಐತೆ, ಬಿಡೋ ದಾರಿ!" ಎಂದು ಗೋಪಾಲಪ್ಪನವರೇ ಬಂದು ಗೇಟು ತೆಗೆದರು. ಸೀರೆ ಇನ್ನೂ ಹೆಗಲ ಮೇಲಿತ್ತು.

ಪದ್ಮಶ್ರೀ ನಗಲಿಲ್ಲ. "ಅದನ್ನ ಕೊಡಿ ದೊಡ್ಡಪ್ಪ" ಎಂದು ಸೀರೆಯನ್ನು ಹೊದ್ದು, ಕರು ಬಿಟ್ಟಳು. ಪಿಳ್ಳಮ್ಮನವರು ಗೌರಿಯ ಕತ್ತು ಸವರುತ್ತಾ ನಿಂತರು. ಕರುವನ್ನು ಎಳೆದು ಹಿಡಿದುಕೊಂಡವರು ಗೋಪಾಲಪ್ಪನವರು. ಚೆಂಬು ತುಂಬಿತು.

ಅವಳು ಹೊರಟ ಮೇಲೆ ಪಿಳ್ಳಮ್ಮನವರು, "ಅಣ್ಣಾ, ಬೇಜಾರ್ ಮಾಡ್ಕೋಬ್ಯಾಡ. ನಾನು ಆ ಹುಡುಗಿಗೇ ಕೈ ಎತ್ತೋದು" ಎಂದರು.

ಗೋಪಾಲಪ್ಪನವರು ಕರುವಿನ ಹಗ್ಗ ಸುತ್ತಿಟ್ಟರು. "ಆಗ್ಲಿ. ಟೆಂಪೊ ಹೇಳ್ತೀನಿ. ಹುಷಾರಾಗಿ ಹತ್ತಿಸ್ಕೋಬೇಕು ಅದನ್ನ."

ಚುನಾವಣೆಯ ದಿನ ಡೇರಿಯ ಕೋಣೆಯಲ್ಲಿ ಚುನಾವಣಾಧಿಕಾರಿಗಳು, "ಪದ್ಮಶ್ರೀ ಪರ ಇರೋರು ಕೈ ಎತ್ತಿ" ಎಂದರು. ಗೋಪಾಲಪ್ಪನವರು ಎದುರಿಗೇ ಕುಳಿತಿದ್ದರು. ಪಿಳ್ಳಮ್ಮನವರ ಕೈ ಸೆರಗಿನಿಂದ ಹೊರಬಂದು ಎದೆಯ ಹತ್ತಿರವೇ ನಿಂತುಬಿಟ್ಟಿತು. ಅಧಿಕಾರಿಗಳು ಎಣಿಸಿದರು. ಆರು. ಅನಂತರ ಗೋಪಾಲಪ್ಪನವರ ಪರ ಎತ್ತಿದ ಕೈಗಳನ್ನು ಎಣಿಸಿದರು. ಅವೂ ಆರು.

"ಸಮ ಆಯ್ತು. ಚೀಟಿ ಎತ್ತಬೇಕಾಗುತ್ತೆ" ಎಂದು ಅವರು ಕಾಗದ ಹರಿಯತೊಡಗಿದರು.

"ಸಾರ್, ಕನ್ನಡಕ ಹಾಕ್ಕೊಳ್ಳಿ. ಆ ಕಡೆ ಏಳು" ಎಂದರು ಗೋಪಾಲಪ್ಪನವರು. ಆಮೇಲೆ ಪಿಳ್ಳಮ್ಮನವರ ಕಡೆ ತಿರುಗಿ ಗದರಿಸಿದರು. "ಎತ್ತಮ್ಮಾ ನೆಟ್ಟಗೆ! ಅಧಿಕಾರಿಗಳಿಗೆ ಕಾಣೋದು ಬ್ಯಾಡ್ವಾ?"