ನಡೆದೇ ತಲುಪಬೇಕಾದ ಕಡಲು

ಇವತ್ತು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತ ಮೈಮರೆತೆ, ರವೆ ಒಂದು ಹದ ಜಾಸ್ತಿಯೇ ಕೆಂಪಗಾಯಿತು. ಆ ಘಮ ಅಡುಗೆಮನೆಯಿಂದ ಮಹಡಿಯವರೆಗೂ ಹರಡಿತು. ಇಂಥ ವಾಸನೆಗೆ ಮೈಸೂರು ನೆನಪಾಗಬೇಕು, ಅಮ್ಮನ ಕೈ ನೆನಪಾಗಬೇಕು ಎಂದು ನೀವು ಅಂದುಕೊಳ್ಳಬಹುದು. ನನಗೆ ನೆನಪಾದದ್ದು ಬ್ರೆಜಿಲ್ ದೇಶದ ಒಂದು ದ್ವೀಪ. ಅಲ್ಲಿ ನಾವು ಉಳಿದುಕೊಂಡಿದ್ದ ಮನೆಯ ಒಡತಿ ದಿನಾ ಮಧ್ಯಾಹ್ನ ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹೀಗೇ ಕೆಂಪಗೆ ಹುರಿದು, ಅನ್ನ ಮತ್ತು ಕಾಳಿನ ಸಾರಿನ ಮೇಲೆ ಉದುರಿಸಿ ಕೊಡುತ್ತಿದ್ದಳು. ಮೀನು ಮಾಂಸ ಮುಟ್ಟದ ನಾನು ಆ ಹಿಟ್ಟಿನ ಬಲದ ಮೇಲೆಯೇ ಅಲ್ಲಿ ಬದುಕಿದ್ದು.

ನಾನು ಬ್ರೆಜಿಲ್‌ಗೆ ಹೋಗುವ ಪೈಕಿಯವಳೇ ಅಲ್ಲ. ರಜೆ ಬಂದರೆ ಮೈಸೂರು, ಇಲ್ಲದಿದ್ದರೆ ಕಾರು ಹತ್ತಿ ಕೆರೊಲಿನಾದ ಯಾವುದಾದರೂ ಬೀಚು. ಹೋದ ಬೀಚಿನಲ್ಲೂ ಕೊಡೆಯ ಕೆಳಗೆ ಕೂತು ಪುಳಿಯೋಗರೆ ಡಬ್ಬಿ ಕಾಯುವುದು ನನ್ನ ಕೆಲಸ. ಇಂಥವಳನ್ನು ಭೂಮಧ್ಯರೇಖೆ ದಾಟಿಸಿ ಕರೆದುಕೊಂಡು ಹೋದವರು ನಸೀಮಾ ಆಂಟಿ.

ಆಂಟಿ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದವರು. ಮೇಡಂ ಅನ್ನಬೇಕು, ಆದರೆ ಅವರೇ ತಮ್ಮನ್ನು ಮೇಷ್ಟ್ರು ಅಂತ ಕರೆದುಕೊಳ್ಳುತ್ತಿದ್ದರು. ನಾವಿರುವ ಊರು ಆಶ್‌ಬರ್ನಿನಲ್ಲಿ ನಮ್ಮ ಸಾಲಿನ ಕೊನೆಯ ಮನೆಯಲ್ಲಿದ್ದ ಮಗಳು ಸಾದಿಯಾಳನ್ನು ನೋಡಿಕೊಂಡು ಹೋಗಲೆಂದು ಬಂದಿದ್ದಾಗ ಕೊರೊನಾ ಬಂತು, ವಿಮಾನ ನಿಂತವು, ಆಂಟಿ ಇಲ್ಲೇ ಉಳಿದರು. ಆಗ ನಾವೆಲ್ಲ ಮಾಸ್ಕ್ ಹಾಕಿಕೊಂಡು, ಒಬ್ಬರನ್ನೊಬ್ಬರು ಕಂಡರೆ ರಸ್ತೆಯ ಆಚೆ ಬದಿಗೆ ಸರಿದು ವಾಕಿಂಗ್ ಮಾಡುತ್ತಿದ್ದೆವಲ್ಲ? ಒಂದು ಸಂಜೆ ನಾನು ಫೋನಿನಲ್ಲಿ ತಂಗಿಯನ್ನು ಗದರಿಕೊಂಡು ನಡೆಯುತ್ತಿದ್ದಾಗ ಆಚೆ ಬದಿಯಿಂದ ಒಂದು ಕನ್ನಡದ ದನಿ ಬಂತು.

"ಮೈಸೂರಲ್ಲಿ ಯಾವ ಮೊಹಲ್ಲಾ ನಿಮ್ಮದು?"

"ಚಾಮುಂಡಿಪುರಂ. ಮೈಸೂರು ಅಂತ ಹೇಗೆ ಗೊತ್ತಾಯ್ತು?"

"ಬೈಯೋದು ಕೇಳಿಸ್ತು. ಬೆಂಗಳೂರಿನವರು ಇಷ್ಟು ನಿಧಾನವಾಗಿ ಬೈಯಲ್ಲ. ನಮ್ಮದು ನಜರ್‌ಬಾದ್."

ಅಲ್ಲಿಂದ ಮುಂದೆ ರಸ್ತೆಯ ಆಚೆ ಬದಿಯಲ್ಲಿ ಅವರು, ಈಚೆ ಬದಿಯಲ್ಲಿ ನಾನು, ನಡುವೆ ಕನ್ನಡ. ಅವರ ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಕುಂಟುತ್ತಿದ್ದರು, ನಿಲ್ಲುತ್ತಿರಲಿಲ್ಲ. "ಲೋಹದ ಮಂಡಿ ಹಾಕಿಸಿಕೊಂಡದ್ದು ಸೋಫಾ ಮೇಲೆ ಕೂರೋಕಲ್ಲ" ಅನ್ನುತ್ತಿದ್ದರು.

ಮರುವರ್ಷ ನನ್ನ ಸರದಿ ಬಂತು. ಎಡ ಎದೆಯಲ್ಲಿ ಒಂದು ಗಂಟು. ಪರೀಕ್ಷೆ, ಮತ್ತೊಂದು ಪರೀಕ್ಷೆ, ಆಮೇಲೆ ಡಾಕ್ಟರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮಾತಾಡಿದಾಗಲೇ ಅರ್ಥವಾಯಿತು. ಆ ಎದೆಯನ್ನು ತೆಗೆದರು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆ ಕೈ ಬಾತುಕೊಳ್ಳಬಹುದು, ಭಾರ ಎತ್ತುವಾಗ ಜೋಪಾನ ಎಂದರು. ಕೂದಲು ಹೋಯಿತು, ಮತ್ತೆ ಬಂತು. ಆಂಟಿ ನಮ್ಮ ಬಾಗಿಲಲ್ಲಿ ದಿನವೂ ಏನಾದರೂ ಇಟ್ಟು ಹೋಗುತ್ತಿದ್ದರು. ಮೆಣಸಿನ ಸಾರು, ಗಸಗಸೆ ಪಾಯಸ, ನಮ್ಮ ಮನೆಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಪಲ್ಯ.

ಕಾಯಿಲೆ ವಾಸಿಯಾಯಿತು ಎಂದು ಎಲ್ಲರೂ ಹೇಳಿದರು. ನಮ್ಮ ಮನೆಯವರು ಹೇಳಿದರು, ಮಗಳು ಹೇಳಿದಳು, ಸ್ಕ್ಯಾನ್ ಕೂಡ ಹಾಗೇ ಹೇಳಿತು. ನಾನು ಮಾತ್ರ ಆಗಸ್ಟಿನ ಬೆವರಿನಲ್ಲೂ ದೊಗಳೆ ಕುರ್ತಾದ ಮೇಲೊಂದು ಶಾಲು ಹೊದ್ದು ಓಡಾಡತೊಡಗಿದೆ. ಒಳಉಡುಪಿನಲ್ಲಿ ಇಟ್ಟುಕೊಳ್ಳಲು ಸ್ಪಂಜಿನ ಒಂದು ಮೆತ್ತೆ ಕೊಟ್ಟಿದ್ದರು. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಂಗಡಿಯ ಗಾಜು, ಕಾರಿನ ಗಾಜು, ಕೊನೆಗೆ ಮೈಕ್ರೊವೇವ್ ಬಾಗಿಲಿನ ಗಾಜಿನಲ್ಲೂ ನೋಡಿಕೊಳ್ಳುತ್ತಿದ್ದೆ. ಆ ಬೇಸಿಗೆ ಎರಡೂ ಮನೆಯವರು ಸೇರಿ ಕೆರೊಲಿನಾದ ಬೀಚಿಗೆ ಹೋದಾಗ ನಾನು ಹೋಟೆಲಿನ ರೂಮಿನಿಂದ ಇಳಿಯಲೇ ಇಲ್ಲ. ತಲೆನೋವು ಎಂದೆ. ಆಂಟಿ ನಂಬಿದಂತೆ ತಲೆಯಾಡಿಸಿದರು.

ಅದಾಗಿ ಒಂದೆರಡು ವರ್ಷಕ್ಕೆ ಸಾದಿಯಾಳನ್ನು ಆಫೀಸಿನವರು ಬ್ರೆಜಿಲಿನ ಫ್ಲೋರಿಯಾನೊಪೊಲಿಸ್‌ಗೆ ಕೆಲವು ವಾರಗಳ ಕೆಲಸದ ಮೇಲೆ ಕಳಿಸಿದರು. ತಾಯಿಯನ್ನು ಒಬ್ಬರೇ ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ. ಕರೆದುಕೊಂಡು ಹೋದರೆ ಹಗಲೆಲ್ಲ ಜೊತೆಗೆ ಯಾರು? ಆಂಟಿ ನಮ್ಮ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದರು.

"ನೀನು ಬರ್ತಿದ್ದೀಯ ಬೇಟಾ. ನಿನ್ನ ಮನೆಯವರನ್ನ ಕೇಳಿ ಆಯ್ತು."

"ಆಂಟಿ, ಅದು ಬೀಚಿನ ಊರು. ನಾನು ಅಲ್ಲಿ ಬಂದು ಏನು ಮಾಡಲಿ?"

"ನಾನು ಏನು ಮಾಡ್ತೀನೋ ಅದನ್ನೇ. ನೋಡೋದು. ಇಷ್ಟು ವರ್ಷ ಬೋರ್ಡಿನ ಮೇಲೆ ಆ ಖಂಡ ಬರೆದು, ಪಕ್ಕದಲ್ಲಿ ನೀಲಿ ಚಾಕ್‌ಪೀಸಲ್ಲಿ ಗೀರಿ, ಇದೇ ಸಮುದ್ರ ಅಂತ ಹೇಳಿ ಸಂಬಳ ತಗೊಂಡಿದ್ದೀನಿ. ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ."

ಹೀಗೆ ಹೋದೆವು. ಏಪ್ರಿಲ್ ತಿಂಗಳು. ಇಲ್ಲಿ ಮರ ಚಿಗುರುವಾಗ ಅಲ್ಲಿ ಬೇಸಿಗೆ ಮುಗಿದು ಚಳಿ ಇನ್ನೂ ಶುರುವಾಗದ ಹೊತ್ತು. ಊರು ಅರ್ಧ ದಡದ ಮೇಲೆ, ಅರ್ಧ ದ್ವೀಪದ ಮೇಲೆ, ನಡುವೆ ಸೇತುವೆಗಳು. ಅವುಗಳಲ್ಲಿ ಒಂದು ಹಳೆಯ ಕಬ್ಬಿಣದ ತೂಗುಸೇತುವೆ. ಅದರ ಮೇಲೆ ಜನ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ನಡೆಯುತ್ತಾರೆ. ಊರಿನ ಆ ದೊಡ್ಡ ಹೆಸರನ್ನು ಅಲ್ಲಿಯವರೂ ಪೂರ್ತಿ ಹೇಳುವುದಿಲ್ಲ, ಫ್ಲೋರಿಪಾ ಅನ್ನುತ್ತಾರೆ. ಆಂಟಿ ಮೊದಲ ದಿನ ಮಧ್ಯಾಹ್ನ ಅಂಗಳದಲ್ಲಿ ನಿಂತು ಆಕಾಶ ನೋಡಿ, ಕೈಯಲ್ಲಿದ್ದ ಫೋನಿನ ದಿಕ್ಸೂಚಿ ನೋಡಿ, ಮತ್ತೆ ಆಕಾಶ ನೋಡಿದರು.

"ಸೂರ್ಯ ಉತ್ತರಕ್ಕಿದ್ದಾನೆ ನೋಡು. ಮಕ್ಕಳಿಗೆ ಹೇಳ್ತಿದ್ದೆ, ಅವು ನಂಬ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನಾನೂ ಪೂರ್ತಿ ನಂಬಿರಲಿಲ್ಲ."

ಮನೆಯ ಒಡತಿಯ ಹೆಸರು ಇವೋನಿ. ಅಲ್ಲಿ ಹಿರಿಯ ಹೆಂಗಸರ ಹೆಸರಿಗೆ ಮೊದಲು ಗೌರವಕ್ಕೆ ಡೋನಾ ಎಂದು ಸೇರಿಸುತ್ತಾರೆ. ಡೋನಾ ಇವೋನಿಗೆ ಪೋರ್ಚುಗೀಸ್ ಬಿಟ್ಟು ಬೇರೆ ಬಾರದು, ನಮಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸ್ವಲ್ಪ ಸ್ವಲ್ಪ ಬರುತ್ತದೆ. ಫೋನಿನಲ್ಲಿ ಅನುವಾದ ಮಾಡಿಕೊಂಡು ಮಾತಾಡುತ್ತಿದ್ದೆವು. ಅನ್ನಕ್ಕೆ ಉಪ್ಪು ಬೇಡ ಎಂದು ಆಂಟಿ ಹೇಳಿದ್ದು ಹೇಗೆ ಅನುವಾದವಾಯಿತೋ, ಆ ಮಹಾತಾಯಿ ಉಪ್ಪಿನ ಡಬ್ಬಿಯನ್ನೇ ತಂದು ಆಂಟಿಯ ಮುಂದಿಟ್ಟು ಕೆನ್ನೆಗೆ ಮುತ್ತಿಟ್ಟಳು.

ಊರು ಸುತ್ತಿದೆವು. ನಡುವಿನ ದೊಡ್ಡ ಸರೋವರ, ಅದರಾಚೆ ಮರಳಿನ ಗುಡ್ಡಗಳು. ಹಲಗೆಯ ಮೇಲೆ ನಿಂತು ಆ ಗುಡ್ಡದಿಂದ ಜಾರುವ ಜನ. ದ್ವೀಪದ ಇನ್ನೊಂದು ಮಗ್ಗುಲಲ್ಲಿ ಬಣ್ಣಬಣ್ಣದ ಹಳೆ ಮನೆಗಳ ಮೀನುಗಾರರ ಹಳ್ಳಿ, ಅಲ್ಲಿ ಕಿಟಕಿಯ ಬಳಿ ಕೂತು ಲೇಸು ಹೆಣೆಯುವ ಹೆಂಗಸರು. ಮತ್ತೆ ಬೀಚುಗಳು, ಒಂದು ಮುಗಿದರೆ ಇನ್ನೊಂದು. ನಮ್ಮ ವೇಷ ಕೇಳಬೇಡಿ. ಆಂಟಿ ಸಲ್ವಾರ್, ಪೂರ್ತಿ ತೋಳಿನ ಕಮೀಜು, ತಲೆಯ ಮೇಲೆ ದುಪಟ್ಟಾ. ನಾನು ದೊಗಳೆ ಕುರ್ತಾ, ಶಾಲು. ಸುತ್ತಲೂ ಅಂಗೈಯಗಲದ ಬಟ್ಟೆ ತೊಟ್ಟ ಎಲ್ಲ ವಯಸ್ಸಿನ, ಎಲ್ಲ ಗಾತ್ರದ ಹೆಂಗಸರು. ಇಡೀ ಬ್ರೆಜಿಲ್ ತಿರುಗಿ ನನ್ನನ್ನೇ ನೋಡುತ್ತದೆ ಎಂದು ನಾನು ಅಂದುಕೊಂಡಿದ್ದೆ. ಬ್ರೆಜಿಲ್‌ಗೆ ಅಷ್ಟು ಪುರುಸೊತ್ತಿರಲಿಲ್ಲ. ಆದರೂ ನಾನು ನೀರಿಗೆ ಇಳಿಯಲಿಲ್ಲ. ಆಂಟಿ ಪಾದ ನೆನೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದರು.

ವಾಪಸ್ ಹೊರಡಲು ಎರಡು ದಿನ ಇರುವಾಗ ಡೋನಾ ಇವೋನಿ ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿದಳು. ಎರಡು ಬೆಟ್ಟಗಳ ನಡುವೆ ಬಿಳಿಯ ದಡ, ಹಿಂದೆ ಒಂದು ಪುಟ್ಟ ಕೊಳ, ಒಂದು ಮನೆಯೂ ಇಲ್ಲ. ದ್ವೀಪದ ದಕ್ಷಿಣದ ಆ ಬೀಚಿಗೆ ರಸ್ತೆಯಿಲ್ಲವಂತೆ. ಕಾಡಿನ ದಾರಿಯಲ್ಲಿ ಬೆಟ್ಟ ಹತ್ತಿ ಇಳಿಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಹೇಳಿ, ಆಂಟಿಯ ಮಂಡಿ ಕಡೆ ನೋಡಿ, ಕೈಯಲ್ಲಿ ಹುಟ್ಟು ಹಾಕುವ ಹಾಗೆ ಅಭಿನಯಿಸಿದಳು.

"ದೋಣಿ ಬೇಡ. ನಡೆದೇ ಹೋಗೋದು," ಎಂದರು ಆಂಟಿ ಕನ್ನಡದಲ್ಲೇ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಸಾದಿಯಾ ಕೆಲಸಕ್ಕೆ ಹೋಗುತ್ತ, "ಅಮ್ಮೀ, ಪ್ರಾಮಿಸ್ ಮಾಡಿ, ಕಷ್ಟ ಆದ್ರೆ ಟರ್ನ್ ಬ್ಯಾಕ್ ಮಾಡ್ತೀರ" ಎಂದಳು. ಆಂಟಿ ಅವಳ ತಲೆ ಸವರಿದರು, ಪ್ರಾಮಿಸ್ ಮಾಡಲಿಲ್ಲ.

ದಾರಿ ಶುರುವಾಗುವುದೇ ಏರಿನಿಂದ. ಮೊದಲು ಉಸಿರು ಸೋತದ್ದು ನನಗೆ. ಆಂಟಿ ಒಂದು ಕೋಲು ಹುಡುಕಿಕೊಂಡು, ಎರಡು ಹೆಜ್ಜೆ ಇಟ್ಟು ನಿಂತು, ಮತ್ತೆರಡು ಹೆಜ್ಜೆ ಇಟ್ಟು ನಿಂತು ಹತ್ತುತ್ತಿದ್ದರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೆಟ್ಟದ ನೆತ್ತಿ ಇನ್ನೂ ಕಾಣದಿದ್ದಾಗ ನಾನು ಒಂದು ಬಂಡೆಯ ಮೇಲೆ ಕೂತುಬಿಟ್ಟೆ.

"ಸಾಕು ಆಂಟಿ. ವಾಪಸ್ ಹೋಗೋಣ. ನಿಮಗೆ ಏನಾದ್ರೂ ಆದ್ರೆ ಸಾದಿಯಾಗೆ ನಾನೇನು ಹೇಳಲಿ?"

ಅವರು ಪಕ್ಕದಲ್ಲಿ ಕೂತು ನೀರು ಕುಡಿದರು. "ನನ್ನ ಮಂಡಿ ಡಾಕ್ಟರ್ ಮೆಟ್ಟಿಲು ಹತ್ತಬೇಡಿ ಅಂದ್ರು, ಹತ್ತಿದೆ. ನೆಲದ ಮೇಲೆ ಕೂರಬೇಡಿ ಅಂದ್ರು, ಅದು ಮಾತ್ರ ಆಗಲಿಲ್ಲ, ಕುರ್ಚಿ ಮೇಲೆ ನಮಾಜ್ ಮಾಡ್ತೀನಿ. ಯಾವುದು ಆಗಲ್ಲವೋ ಅದನ್ನ ಬಿಡಬೇಕು. ಆಗುತ್ತೋ ಇಲ್ಲವೋ ಗೊತ್ತಿಲ್ಲದೇ ಇರೋದನ್ನ ಬಿಡಬಾರದು. ನೀನು ಆ ಕೆರೊಲಿನಾ ಹೋಟೆಲ್‌ನಲ್ಲಿ ತಲೆನೋವು ಅಂದಾಗ ನಾನು ಸುಮ್ಮನಿದ್ದೆ. ಈಗ ಮಂಡಿನೋವು ನನಗೆ. ನೀನೂ ಸುಮ್ಮನೆ ನಡಿ."

ನಡೆದೆ. ಇಳಿಜಾರಿನಲ್ಲಿ ಹಿಂದಿನ ದಿನದ ಮಳೆಯ ಕೆಸರಿತ್ತು. ಆಂಟಿಯ ಕೋಲು ಜಾರಿತು, ಅವರು ದಾರಿಯ ಅಂಚಿನತ್ತ ವಾಲಿದರು. ನನ್ನ ಬಲಗೈಯಲ್ಲಿ ಚೀಲವಿತ್ತು. ಎಡಗೈಯಲ್ಲೇ ಹಿಡಿದೆ, ಒಂದು ಮರಕ್ಕೆ ಒರಗಿ, ಅವರ ಪೂರ್ತಿ ಭಾರವನ್ನು ಎಳೆದು ನಿಲ್ಲಿಸಿದೆ. ಆಪರೇಷನ್ ಆದಾಗಿನಿಂದ ಹಾಲಿನ ಕ್ಯಾನ್ ಕೂಡ ಎತ್ತಲು ಬಿಡದೆ ಗಾಜಿನ ಸಾಮಾನಿನಂತೆ ಕಾಪಾಡಿಕೊಂಡ ಕೈ ಅದು. ಚುಚ್ಚಿತು, ಉರಿಯಿತು, ಆದರೆ ಹಿಡಿದುಕೊಂಡಿತು. ಇಬ್ಬರೂ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದೆವು.

ಮರಗಳು ಮುಗಿದವು, ಕಡಲು ಕಂಡಿತು. ವರ್ಣಿಸಲು ನನಗೆ ಬಾರದು. ಚಿತ್ರದಲ್ಲಿ ಸದ್ದು ಇರಲಿಲ್ಲ ಎಂದಷ್ಟೇ ಹೇಳಬಲ್ಲೆ. ಆಂಟಿ ಚಪ್ಪಲಿ ಬಿಟ್ಟು ನೇರ ನೀರಿಗೆ ನಡೆದರು. ಮಂಡಿಯವರೆಗೆ ಹೋಗಿ ಹಿಂತಿರುಗಿ ಕೈ ಚಾಚಿದರು. ಅವರನ್ನು ಒಬ್ಬರನ್ನೇ ಅಲ್ಲಿ ಬಿಡುವ ಹಾಗಿರಲಿಲ್ಲ. ಶಾಲನ್ನು ಚೀಲದೊಳಗೆ ತುರುಕಿ ನಾನೂ ಇಳಿದೆ.

ಮೊದಲ ಅಲೆ ಸೊಂಟಕ್ಕೆ ಬಂತು. ಎರಡನೆಯದು ನಮ್ಮಿಬ್ಬರನ್ನೂ ಕೂರಿಸಿತು. ಮೂಗಿಗೆ, ಬಾಯಿಗೆ ಉಪ್ಪುನೀರು. ಎದ್ದು ಕಣ್ಣೊರೆಸಿಕೊಂಡಾಗ ಎದೆಯ ಎಡಗಡೆ ಹಗುರ ಅನಿಸಿತು. ಮುಟ್ಟಿ ನೋಡಿಕೊಂಡೆ. ಮೆತ್ತೆ ಇರಲಿಲ್ಲ. ಅಷ್ಟು ದೂರದಲ್ಲಿ, ಮೈಬಣ್ಣದ ಆ ಸ್ಪಂಜು ನೊರೆಯ ಮೇಲೆ ತೇಲಿಕೊಂಡು ಆಫ್ರಿಕಾದ ಕಡೆ ಹೊರಟಿತ್ತು.

ಆಂಟಿ ಅದನ್ನು ಹಿಡಿಯಲು ಮುಂದೆ ನುಗ್ಗಿದರು. ನಾನು ಅವರ ಕಮೀಜು ಹಿಡಿದು ಎಳೆದೆ.

"ಬಿಡಿ ಆಂಟಿ. ಹೋಗಲಿ."

"ಹೋಗಲಿ ಅಂತೀಯಾ?"

"ಹೋಗಲಿ."

ಅವರು ನನ್ನ ಮುಖ ನೋಡಿದರು. ನಾನು ಅಳುತ್ತೇನೆಂದು ನನಗೇ ಅನಿಸಿತ್ತು. ಬಂದದ್ದು ನಗು, ಹೊಟ್ಟೆಯ ತಳದಿಂದ. ಆಂಟಿಯೂ ನಕ್ಕರು. ಅಲೆಗಳು ಬಡಿಯುತ್ತಲೇ ಇದ್ದವು, ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು, ಬೀಳುತ್ತ ಏಳುತ್ತ, ತುಂಬ ಹೊತ್ತು ನೀರಿನಲ್ಲೇ ಇದ್ದೆವು.

ಹೊರಗೆ ಬಂದಾಗ ಒದ್ದೆ ಕುರ್ತಾ ಮೈಗೆ ಅಂಟಿತ್ತು. ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಯಾರಿಗೆ ಬೇಕಾದರೂ ಕಾಣುವಂತಿತ್ತು. ಚೀಲದಲ್ಲಿ ಶಾಲು ಇತ್ತು, ತೆಗೆಯಲಿಲ್ಲ. ಮರಳಿನ ಮೇಲೆ ಕೂತು ಬಟ್ಟೆ ಒಣಗಿಸಿಕೊಂಡೆ. ವಾಪಸ್ ದೋಣಿಯಲ್ಲಿ ಹೋಗೋಣ ಎಂದು ಆಂಟಿಯೇ ಹೇಳಿದರು: "ಬರೋದು ನಡೆದು ಆಯ್ತಲ್ಲ." ದೋಣಿಯ ತುಂಬ ಜನ. ನನ್ನ ಎದುರಿಗೆ ಕೂತ ಹೆಂಗಸು ಒಮ್ಮೆ ನೋಡಿದಳು, ಮತ್ತೆ ಕಡಲ ಕಡೆ ತಿರುಗಿದಳು. ಅಷ್ಟೇ ಆದದ್ದು. ಅಷ್ಟಕ್ಕೆ ನಾನು ಎಷ್ಟೊಂದು ಬೆವರಿದ್ದೆ.

ಹೋದ ವರ್ಷ ಸಾದಿಯಾಗೆ ಅಟ್ಲಾಂಟಾದಲ್ಲಿ ಕೆಲಸವಾಗಿ ಅವರು ಅದರ ಪಕ್ಕದ ನಾರ್‌ಕ್ರಾಸ್‌ಗೆ ಹೋದರು. ಅಲ್ಲಿ ಮಸಾಲೆ ಸಾಮಾನಿನ ಅಂಗಡಿಗೆ ನಡೆದೇ ಹೋಗಬಹುದೆಂದು ಆಂಟಿ ಫೋನಿನಲ್ಲಿ ಜಂಬ ಕೊಚ್ಚುತ್ತಾರೆ. ನಾನು ಇಲ್ಲಿನ ಈಜುಕೊಳಕ್ಕೆ ಸೇರಿದ್ದೇನೆ. ಈಜು ಬಂತೆಂದು ತಿಳಿಯಬೇಡಿ. ಗೋಡೆ ಹಿಡಿದು ಕಾಲು ಬಡಿಯುತ್ತೇನೆ, ಪಕ್ಕದ ಸಾಲಿನ ಚಿಕ್ಕ ಮಕ್ಕಳು ನನಗೆ ಸಲಹೆ ಕೊಡುತ್ತಾರೆ.

ಇವತ್ತು ಉಪ್ಪಿಟ್ಟು ತಿಂದು ಅಲ್ಲಿಗೇ ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲಿರುವ ಸಣ್ಣ ಗೂಡುಗಳಿವೆ. ಮೊದಮೊದಲು ನಾನು ಅದರೊಳಗೇ ಸೇರಿಕೊಳ್ಳುತ್ತಿದ್ದೆ. ಈಗ ಎಲ್ಲರಂತೆ ಬೆಂಚಿನ ಬಳಿ ಬದಲಿಸುತ್ತೇನೆ. ಕುರ್ತಾ ತೆಗೆದು ಮಡಚುತ್ತಿರುವಾಗ ಗೂಡಿನ ಬಾಗಿಲು ಸ್ವಲ್ಪ ತೆರೆಯಿತು. ಒಬ್ಬಳು ಹೆಂಗಸು, ನನಗಿಂತ ತುಂಬ ಚಿಕ್ಕವಳು, ಈಜುಡುಪಿನ ಮೇಲೆ ಟವೆಲನ್ನು ಎದೆಗೆ ಎರಡೂ ಕೈಯಿಂದ ಒತ್ತಿಕೊಂಡು ನನ್ನ ಗಾಯದ ಗುರುತನ್ನೇ ನೋಡುತ್ತಿದ್ದಳು. ನಾನು ಬಟ್ಟೆ ಅಡ್ಡ ಹಿಡಿಯಲಿಲ್ಲ.

"ಗಾಯದ ಬಿಗಿತ ಕಡಿಮೆ ಆಗುತ್ತಾ?" ಎಂದು ಇಂಗ್ಲಿಷಿನಲ್ಲಿ, ತೀರಾ ಮೆಲ್ಲಗೆ ಕೇಳಿದಳು.

"ಆಗುತ್ತೆ. ನಿಧಾನಕ್ಕೆ," ಎಂದೆ.

"ನೀರಿಗೆ ಇಳಿಯೋಕೆ ಭಯ ಆಗಲ್ವಾ?"

"ಆಗುತ್ತೆ. ಬಾ, ನಾನೂ ಇಳಿಯೋಳೇ."

ಈಜುಡುಪು ಹಾಕಿಕೊಂಡು, ಕೊಳದ ಕಡೆಯ ಬಾಗಿಲನ್ನು ತೆರೆದು ಹಿಡಿದು ನಿಂತೆ. ಒಳಗಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಅವಳು ಗೂಡಿನ ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ ಟವೆಲನ್ನು ನನ್ನ ಕುರ್ತಾದ ಪಕ್ಕ ಬೆಂಚಿನ ಮೇಲಿಟ್ಟು ಬಂದಳು.