ಕೊನೆಗೆ ಕಂಡವರು ಯಾರು

ನಮ್ಮ ದಂಡೆಯಲ್ಲಿ ಒಂದು ಕ್ರಮವಿದೆ. ಕಡಲಿಗೆ ಹೋದ ಬೋಟು ಹೇಳಿದ ಹೊತ್ತಿಗೆ ಬರದಿದ್ದರೆ ಆ ಮನೆಯ ಹೆಂಗಸು ಅಳಿವೆಯ ಬಾಯಿಗೆ ಹೋಗಿ ನಿಲ್ಲಬೇಕು. ಒಳಗೆ ಬರುವ ಪ್ರತಿ ಬೋಟನ್ನೂ ಕೂಗಿ ನಾಲ್ಕು ಮಾತು ಕೇಳಬೇಕು. ಕೊನೆಗೆ ಕಂಡವರು ಯಾರು. ಎಲ್ಲಿ ಕಂಡದ್ದು, ಎಷ್ಟು ಮಾರು ಆಳದ ನೀರಿನಲ್ಲಿ. ಯಾವ ಹೊತ್ತಿನಲ್ಲಿ. ಆಗ ಅವರ ಕೈಯಲ್ಲಿ ಏನಿತ್ತು.

ಕೊನೆಯದು ಹೊರಗಿನವರಿಗೆ ಹುಚ್ಚು ಅನ್ನಿಸಬಹುದು. ಕೈಯಲ್ಲಿ ಬಲೆ ಇದ್ದರೆ ಕೆಲಸ ನಡೆದಿದೆ. ಬಕೆಟ್ ಇದ್ದರೆ ಬೋಟಿಗೆ ನೀರು ನುಗ್ಗಿದೆ. ಬಟ್ಟೆ ಬೀಸುತ್ತಿದ್ದರೆ ಎಂಜಿನ್ ಕೆಟ್ಟಿದೆ. ಇಷ್ಟು ತಿಳಿದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಬೋಟಿನವರು ಸುಮ್ಮನೆ ಕೈಯಾಡಿಸಿ ಹೋಗುವ ಹಾಗಿಲ್ಲ. ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಕೂಗಬೇಕು. ನಾಲ್ಕಕ್ಕೂ ಉತ್ತರ ಸಿಗುವ ತನಕ ಆ ಹೆಂಗಸು ಮೀನಿನ ಬುಟ್ಟಿಯನ್ನು ತಲೆಗೆ ಏರಿಸಬಾರದು. ಸಿಕ್ಕಿದ ಮೇಲೆ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಎತ್ತಲೇಬೇಕು. ದಂಡೆಯಲ್ಲಿ ಅಳುತ್ತ ಕೂತವಳಿಗೆ ಯಾರೂ ಅನ್ನ ತಂದುಕೊಡುವುದಿಲ್ಲ.

ನನ್ನ ಗಂಡ ಬೋಟಿನಲ್ಲಿ ಅಡುಗೆಯವರಾಗಿದ್ದರು. ತೊಂಬತ್ತೇಳರಲ್ಲಿ, ಮಳೆಗಾಲ ಕಳೆದು ಬೋಟುಗಳು ಕಡಲಿಗೆ ಇಳಿದ ಹೊಸತರಲ್ಲಿ, ಅವರ ಬೋಟು ಎರಡು ದಿನ ತಡವಾಯಿತು. ನಾನು ಹೋಗಿ ನಿಂತೆ. ಎಷ್ಟೋ ಬೋಟುಗಳವರು ಗೊತ್ತಿಲ್ಲ ಎಂದು ಕೂಗಿ ಹೋದರು. ಬಿಸಿಲು ಬಾಡುವ ಹೊತ್ತಿಗೆ ಒಬ್ಬ ಹೇಳಿದ.

"ಹ್ವಾಯ್, ನಾನ್ ಕಂಡೆ! ನಿನ್ನೆ ಸಂಜಿಗೆ, ಹದ್ನೆಂಟ್ ಮಾರಿನಲ್ಲ್!"

"ಕೈಯಲ್ಲಿ ಎಂತ ಇತ್ತ್?"

"ಸೌಟ್!"

ದಂಡೆಯ ಹೆಂಗಸರೆಲ್ಲ ನಕ್ಕರು. ಸೌಟು ಹಿಡಿದವನಿಗೆ ಏನೂ ಆಗಿಲ್ಲ ಎಂದೇ ಲೆಕ್ಕ. ಮರುದಿನ ಬಂದರು. ಎರಡು ದಿನ ಎಂತ ಮಾಡ್ತಿದ್ರಿ ಎಂದು ಬಾಯಿ ಮಾಡಿದರೆ, "ಸಾರ್ ಮಾಡ್ತಿದ್ದೆ" ಅಂದರು. ಅಷ್ಟೇ ಮಾತಿನ ಮನುಷ್ಯ. ಆ ಸೌಟು ಅವರೇ ಮಾಡಿದ್ದು, ತೆಂಗಿನ ಚಿಪ್ಪಿಗೆ ಬಿದಿರಿನ ಹಿಡಿ. ಬೋಟಿಗೂ ಅದೇ, ಮನೆಗೂ ಅದೇ. ಮನೆಯಲ್ಲಿದ್ದ ದಿನ ಒಲೆಯ ಹತ್ತಿರ ನನ್ನನ್ನು ಬಿಡುತ್ತಿರಲಿಲ್ಲ. ಬಂಗುಡೆ ಸಾರಿಗೆ ಹುಳಿ ಯಾವಾಗ ಬಿಡಬೇಕು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅವರ ಅಡುಗೆಯನ್ನು ನಾನು ಒಂದು ದಿನವೂ ಹೊಗಳಲಿಲ್ಲ. ಉಂಡು ಎದ್ದು ಹೋಗುತ್ತಿದ್ದೆ.

ಆಮೇಲೆ ಮೀನು ಕಮ್ಮಿಯಾಯಿತು. ತಿಂಗಳಲ್ಲಿ ಅರ್ಧದಷ್ಟು ದಿನ ಬೋಟಿನ ಕೆಲಸವೇ ಇರುತ್ತಿರಲಿಲ್ಲ. ಮುಂಬೈಯ ಏಜೆಂಟರೊಬ್ಬರ ಮೂಲಕ ಅವರು ಸರಕಿನ ಹಡಗಿಗೆ ಅಡುಗೆಗೆ ಸೇರಿದರು. ಆಗ ವಯಸ್ಸು ಐವತ್ತರ ಹತ್ತಿರ. ಈ ಪ್ರಾಯದಲ್ಲಿ ಎಂತಕ್ಕೆ ಎಂದು ನಾನು ಜಗಳ ಮಾಡಿದೆ. ಸೌಟನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೆಮ್ಮಾಡಿಯಲ್ಲಿ ಬಸ್ಸು ಹತ್ತಿದರು. ನಾನು ಬಸ್ಸಿನ ತನಕವೂ ಹೋಗಲಿಲ್ಲ, ಸಿಟ್ಟಿನಲ್ಲಿ ಮೀನು ಕೊಯ್ಯುತ್ತ ಕೂತಿದ್ದೆ. ಮತ್ತೆ ಎರಡು ಸಲ ರಜೆಯಲ್ಲಿ ಬಂದು ಹೋದರು. ಮೂರನೆಯ ಸಲ ಹೋದದ್ದು ಎರಡು ಸಾವಿರದ ಹತ್ತರ ಸುಮಾರಿನಲ್ಲಿ.

ಆಫ್ರಿಕಾದ ಕಡೆ ಕಡಲ್ಗಳ್ಳರು ಹಡಗು ಹಿಡಿದಿದ್ದಾರೆ ಎಂದು ಏಜೆಂಟರ ಆಫೀಸಿನಿಂದ ಫೋನು ಬಂತು. ನಾನು ಅಳಿವೆಗೆ ಹೋಗಿ ನಿಂತೆ. ಅಭ್ಯಾಸ ಅದು, ಕಾಲು ತಾನಾಗಿ ಹೋಯಿತು. ಆದರೆ ಯಾವ ಬೋಟನ್ನು ಕೇಳುವುದು? ನಮ್ಮವರು ಹೋಗಿ ಬರುವುದು ಎಷ್ಟು ದೂರ, ಆಫ್ರಿಕಾ ಎಷ್ಟು ದೂರ? ನಾನು ನಿಂತದ್ದನ್ನು ಕಂಡು ಬೋಟಿನವರು ತಲೆ ತಗ್ಗಿಸಿ ಒಳಗೆ ಬಂದರು. ನಾನು ಕೇಳಲಿಲ್ಲ, ಅವರು ಕೂಗಲಿಲ್ಲ. ಅವತ್ತಿನಿಂದ ಬುಟ್ಟಿ ತಲೆಗೆ ಏರಿಸಲಿಲ್ಲ. ಮೀನನ್ನು ರಿಕ್ಷಾದಲ್ಲಿ ತರಿಸಿ ಬೈಂದೂರು ಪೇಟೆಯಲ್ಲಿ ಕೂತು ಮಾರಿದೆ.

ಏಜೆಂಟರು ಕೆಲವು ದಿನಕ್ಕೆ ಫೋನು ಎತ್ತುವುದನ್ನೇ ಬಿಟ್ಟರು. ಬ್ರಹ್ಮಾವರದಲ್ಲಿ ಒಬ್ಬರು ಮುದಿ ವಕೀಲರಿದ್ದಾರೆ, ದಿಲ್ಲಿಯಲ್ಲಿ ಅವರಿಗೆ ಒಬ್ಬ ಸಂಸತ್ ಸದಸ್ಯರ ಪರಿಚಯ ಉಂಟು ಎಂದು ಯಾರೋ ಹೇಳಿದರು. ಹೋದೆ. ನೌಕಾಪಡೆಯ ಹಡಗು ಕಳಿಸುವುದು, ಬೇರೆ ದೇಶದವರ ಹತ್ತಿರ ಮಾತಾಡುವುದು ಸರ್ಕಾರದ ಕೆಲಸ, ಆ ಕೆಲಸ ಮಾಡಿದಿರಾ ಎಂದು ಕೇಳುವುದು ಸಂಸತ್ತಿನ ಕೆಲಸ, ಕೇಳಿದರೆ ಮಂತ್ರಿಗಳು ಉತ್ತರ ಕೊಡಲೇಬೇಕು ಎಂದು ವಕೀಲರು ತಿಳಿಸಿ ಹೇಳಿದರು. ನನಗೆ ಅದು ಕೂಡಲೇ ಅರ್ಥವಾಯಿತು. ನಮ್ಮ ಅಳಿವೆಯ ಬಾಯಿಯೇ ಅದು, ದಿಲ್ಲಿಯಲ್ಲಿದೆ.

"ನೀವ್ ಎಂತ ಕೇಣ್ಕ್ ಅಂತ ಹೇಳಿ, ನಾನ್ ಬರ್ದ್ ಕಳಸ್ತೆ" ಅಂದರು.

ನಾಲ್ಕು ಮಾತನ್ನೂ ಹೇಳಿದೆ. ಅವರು ನಗಲಿಲ್ಲ. ಬರೆದು ಓದಿದರು. ಇಂಥ ಹಡಗನ್ನು ಹಿಡಿದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ಅದರ ವಿವರಗಳೇನು, ಕೈಗೊಂಡ ಕ್ರಮಗಳೇನು, ಆ ಕಡಲಿನಲ್ಲಿ ನಮ್ಮ ನೌಕಾಪಡೆಯ ಎಷ್ಟು ಹಡಗುಗಳಿವೆ, ಇಲ್ಲದಿದ್ದರೆ ಕಾರಣಗಳೇನು.

"ಇದ್ರಲ್ಲಿ ನನ್ನ ಪ್ರಶ್ನೆ ಎಲ್ಲಿತ್ತ್ ವಕೀಲ್ರೆ?"

"ವಿವರಗಳೇನು ಅಂತ ಇತ್ತ್ ಅಲ್ದಾ ಅಮ್ಮ, ಅದ್ರೊಳ್ಗೆ ಎಲ್ಲ ಬಂತ್."

"ವಿವರ ಅಂದ್ರೆ ಮುಚ್ಚಿದ್ ಬುಟ್ಟಿ. ಒಳ್ಗೆ ಎಂತ ಇತ್ತ್ ಅಂತ ಕಾಣ್ದೆ ಯಾರಾರೂ ಮೀನ್ ತಕಂತ್ರಾ?"

ಸಂಸತ್ತಿಗೆ ಅದರದೇ ಕ್ರಮವಿದೆ, ಹಾಗೆಯೇ ಬರೆಯಬೇಕು ಅಂದರು. ಕ್ರಮ ಎಂದ ಮೇಲೆ ನಾನು ಒಪ್ಪಿ ಬಂದೆ. ಕೆಲವು ವಾರ ಕಳೆದು, ಈ ಗುರುವಾರ ನಿಮ್ಮ ಪ್ರಶ್ನೆ ಬರುತ್ತದೆ ಎಂದು ಫೋನು ಮಾಡಿದರು.

ಗುರುವಾರ ನಮ್ಮ ಕೇರಿಯ ಹೆಂಗಸರು ವ್ಯಾಪಾರಕ್ಕೇ ಹೋಗಲಿಲ್ಲ. ಹನ್ನೊಂದು ಗಂಟೆಗೆ ನಮ್ಮ ಮನೆಯ ಟೀವಿಯ ಮುಂದೆ ಕಾಲು ಹಾಕಲು ಜಾಗವಿಲ್ಲ. ಗಂಡನ ತಂಗಿ, ನನ್ನ ನಾದಿನಿ, ಮುಂಬೈಯಲ್ಲಿ ಇಪ್ಪತ್ತು ವರ್ಷ ಮೀನು ಮಾರಿ ಬಂದವಳು. ಹಿಂದಿ ಬರುವುದು ಅವಳಿಗೊಬ್ಬಳಿಗೆ. ಅವಳು ಟೀವಿಗೆ ಮೂಗು ತಾಗಿಸಿ ಕೂತು ಕನ್ನಡದಲ್ಲಿ ಹೇಳಬೇಕು, ನಾವು ಕೇಳಬೇಕು. ಸಂಸತ್ತಿನಲ್ಲಿ ಆಗಲೇ ಗಲಾಟೆ ಶುರುವಾಗಿತ್ತು.

"ಎಂತ ಹೇಳ್ತಿದ್ರೇ ಅವ್ರ್, ಮೇಲ್ ಕೂಕಂಡವ್ರ್?"

"ಕೂಕಣಿ, ಕೂಕಣಿ ಅಂತಿದ್ರ್, ಅತ್ಗೆ."

"ಯಾರೂ ಕೂಕಂತಿಲ್ಯಲೆ, ಎಲ್ಲ ನಿಂತೇ ಇದ್ರ್?"

"ಇಲ್ಲೆ. ಈಗ್ಳೂ ಕೂಕಣಿ ಅಂತಲೇ ಹೇಳ್ತಿದ್ರ್."

"ನಮ್ ಮೀನ್ ಏಲಂನಲ್ಲ್ ಇದ್ಕಿಂತ ಮರ್ಯಾದಿ ಇತ್ತ್ ಮಾರಾಯ್ತಿ" ಅಂದಳು ಹಿಂದಿನಿಂದ ಒಬ್ಬಳು.

ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಎದ್ದು ಹೋದರು, ಖಾಲಿ ಕುರ್ಚಿಗಳು ಕಂಡವು. ಸದನ ಮುಂದೂಡಿದರಂತೆ. ನಾವು ಆದರೂ ಏಳಲಿಲ್ಲ. ಮಧ್ಯಾಹ್ನದ ಮೇಲೆ ಮತ್ತೆ ಸೇರಿದರು, ಬೇರೇನೋ ಓದಿದರು. ಸಂಜೆಯ ತನಕ ನಮ್ಮ ಹಡಗಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾದಿನಿಯ ಗಂಟಲು ಒಣಗಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗುವಾಗ ಯಾರೂ ನನ್ನ ಮುಖ ನೋಡಲಿಲ್ಲ.

ಮರುವಾರ ಬ್ರಹ್ಮಾವರಕ್ಕೆ ಹೋಗಿ ಜಗಳ ತೆಗೆದೆ. ವಕೀಲರು ಶಾಂತವಾಗಿ ಹೇಳಿದರು. ಪ್ರಶ್ನೆಗಳಲ್ಲಿ ಎರಡು ಜಾತಿಯಂತೆ. ಚುಕ್ಕೆ ಗುರುತು ಇದ್ದದ್ದಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲಿ ಕೊಟ್ಟರೆ ಸಾಕು. ನಮ್ಮದಕ್ಕೆ ಚುಕ್ಕೆ ಇರಲಿಲ್ಲ. ತಪ್ಪು ನನ್ನದೇ, ಉತ್ತರ ಎಂದರೆ ಬಾಯಿಂದ ಬರುವುದು ಎಂದುಕೊಂಡು ಇಡೀ ಕೇರಿಯ ಒಂದು ದಿನದ ವ್ಯಾಪಾರ ಕೆಡಿಸಿದ್ದೆ. ಕಾಗದ ಅವರ ಮೇಜಿನ ಮೇಲೇ ಇತ್ತು, ಓದಿ ಕನ್ನಡದಲ್ಲಿ ಹೇಳಿದರು. ಹೌದು, ಸರ್ಕಾರದ ಗಮನಕ್ಕೆ ಬಂದಿದೆ. ಎಲ್ಲ ಸೂಕ್ತ ಕ್ರಮ ಕೈಗೊಳ್ಳಲಾಗಿದೆ. ನೌಕಾಪಡೆಯ ಹಡಗುಗಳ ಸಂಖ್ಯೆಯನ್ನು ಭದ್ರತೆಯ ಕಾರಣದಿಂದ ಹೇಳಲಾಗದು. ಕೊನೆಯದಕ್ಕೆ, ಪ್ರಶ್ನೆ ಉದ್ಭವಿಸುವುದಿಲ್ಲ.

"ಹಾಂಗಂದ್ರೆ ಎಂತ?"

"ಆ ಪ್ರಶ್ನೆ ಏಳುದೇ ಇಲ್ಲ ಅಂತ."

"ನನ್ನ ಹೊಟ್ಟಿಯಲ್ಲ್ ದಿನಾ ಏಳ್ತಿತ್ತ್. ನಾಲ್ಕ್ ಗಂಟಿಗೆ ಏಳ್ತಿತ್ತ್, ನನ್ನನ್ನೂ ಎಬ್ಬಸ್ತಿತ್ತ್."

ಕಾಗದವನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದೆ. "ಇದ್ ಉತ್ರ ಅಲ್ಲ. ಚುಕ್ಕಿ ಹಾಕ್ಸಿ" ಅಂದೆ. ಚುಕ್ಕೆ ಬೇಕೆಂದು ಕೇಳಬಹುದು, ಆದರೆ ಕೇಳುವವರು ಬಹಳ, ಅದಕ್ಕೆ ಚೀಟಿ ಎತ್ತುತ್ತಾರೆ, ಪಟ್ಟಿಯಲ್ಲಿ ಕೆಳಗೆ ಬಂದರೆ ಪ್ರಶ್ನೆಗೆಂದು ಇಟ್ಟ ಒಂದು ಗಂಟೆಯೊಳಗೆ ಅಲ್ಲಿಗೆ ತಲುಪುವುದೇ ಇಲ್ಲ ಅಂದರು. ಎಷ್ಟು ಸಲವಾದರೂ ಹಾಕಿ, ನನಗೆ ಬೇರೆ ದಾರಿಯಿಲ್ಲ ಎಂದು ಬಂದೆ.

ಇದರ ನಡುವೆ ಹಡಗು ಬಿಡುಗಡೆಯಾಯಿತು. ಆಗ ನಮ್ಮ ಮನೆಯ ಅಂಗಳವನ್ನು ನಾನು ಸಗಣಿ ಹಾಕಿ ಬಳಿದೆ. ಚಪ್ಪಲಿ ಹಾಕಿಕೊಂಡು ಒಳಗೆ ಬರುವ ಅಭ್ಯಾಸ ನನ್ನ ಗಂಡನದ್ದು, ಈ ಸಲ ಬೈಯಬಾರದು ಎಂದುಕೊಂಡಿದ್ದೆ. ಹಡಗು ಬಂತು. ಮೂರು ಜನ ಅದರಲ್ಲಿ ಇರಲಿಲ್ಲ. ಆ ಮೂವರಲ್ಲಿ ಇವರೊಬ್ಬರು. ಯಾಕಿಲ್ಲ ಎಂದು ಯಾರೂ ಹೇಳಲಿಲ್ಲ. ಕಳ್ಳರು ಹಿಡಿದಿಟ್ಟಾಗ ಹಡಗಿನ ಜೊತೆ ಇದ್ದಾರೆ ಎಂಬುದಾದರೂ ಇತ್ತು. ಈಗ ಅದೂ ಹೋಯಿತು.

ಮತ್ತೊಂದು ಅಧಿವೇಶನದಲ್ಲಿ ಚುಕ್ಕೆ ಸಿಕ್ಕಿತು, ಪಟ್ಟಿಯಲ್ಲಿ ನಾಲ್ಕನೆಯದು. ಈ ಸಲ ನಾನು ಯಾರನ್ನೂ ಕರೆಯಲಿಲ್ಲ. ನಾನು, ನಾದಿನಿ, ಇಬ್ಬರೇ. ನಮ್ಮ ಪುಣ್ಯಕ್ಕೆ ಅವತ್ತು ಗಲಾಟೆ ಇರಲಿಲ್ಲ. ಮಂತ್ರಿಗಳು ಎದ್ದು, ಉತ್ತರವನ್ನು ಸದನದ ಮುಂದೆ ಇಟ್ಟಿದ್ದೇನೆ ಎಂದು ಕೂತರು. ಮತ್ತೆ ಕಾಗದವೇ. ಆದರೆ ಚುಕ್ಕೆ ಇದ್ದ ಪ್ರಶ್ನೆಗೆ ಒಂದು ಅನುಕೂಲವಿದೆ, ಕೇಳಿದವರು ಎದ್ದು ಅದರ ಮೇಲೆ ಇನ್ನೊಂದು ಕೇಳಬಹುದು. ವಕೀಲರು ಬರೆದು ಕಳಿಸಿದ್ದಿರಬೇಕು. ಆ ಸದಸ್ಯರು ಎದ್ದರು. ನನಗೆ ಅವರ ಮುಖವೂ ಗೊತ್ತಿಲ್ಲ, ನಮ್ಮ ಓಟು ಅವರಿಗಿಲ್ಲ. ನಾದಿನಿ ನನ್ನ ಕೈ ಹಿಡಿದಳು.

"ಅತ್ಗೆ, ಕೇಂಡ್ರ್! ಕೊನಿಗೆ ಕಂಡವ್ರ್ ಯಾರ್ ಅಂತ ಕೇಂಡ್ರ್! ಎಲ್ಲಿ, ಯಾವ್ ಹೊತ್ತಿಗೆ... ಕೈಯಲ್ಲಿ ಎಂತ ಇತ್ತ್ ಅಂತಲೂ ಕೇಂಡ್ರ್!"

ಸದನದಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಮಂತ್ರಿಗಳು ನಗಲಿಲ್ಲ. ಕಾಗದ ತಿರುವಿದರು. ಪಕ್ಕದಿಂದ ಒಂದು ಚೀಟಿ ಬಂತು, ಅದನ್ನೂ ನೋಡಿದರು. ಆ ವಿವರ ಈಗ ತನ್ನ ಬಳಿ ಇಲ್ಲ, ತರಿಸಿ ಸದನದ ಮುಂದೆ ಇಡುತ್ತೇನೆ ಅಂದರು. ಗೊತ್ತಿಲ್ಲ ಎಂದು ಕೂಗಿದ ಹಾಗಾಯಿತು. ಅವತ್ತು ನಾನು ಹೊಟ್ಟೆತುಂಬ ಉಂಡೆ.

ಸದನದಲ್ಲಿ ಕೊಟ್ಟ ಮಾತನ್ನು ಮಂತ್ರಿಗಳು ನಡೆಸಿದರೋ ಇಲ್ಲವೋ ಎಂದು ನೋಡುವುದಕ್ಕೇ ಸದಸ್ಯರ ಒಂದು ಸಮಿತಿ ಇದೆಯಂತೆ. ನಡೆಸುವ ತನಕ ಇಲಾಖೆಯನ್ನು ಬಿಡುವುದಿಲ್ಲವಂತೆ. ಬೇಗ ಆಗುವುದಿಲ್ಲ, ಕಾಯಿರಿ ಎಂದು ವಕೀಲರು ಹೇಳಿದರು. ಕಾಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡು ಮಳೆಗಾಲ ಕಳೆಯಿತು. ಬೈಂದೂರು ಪೇಟೆಯಲ್ಲಿ ಕೂತು ಕೂತು ನನ್ನ ಮಂಡಿ ಹಿಡಿದುಕೊಂಡಿತು. ಸಾರಿಗೆ ಹುಳಿ ಹೆಚ್ಚಾದಾಗಲೆಲ್ಲ ಸಿಟ್ಟು ಬರುತ್ತಿತ್ತು, ಅವರ ಮೇಲೆ.

ಆಮೇಲೆ ರತ್ನಗಿರಿಯಿಂದ ಒಬ್ಬನ ಫೋನು. ಅದೇ ಹಡಗಿನಲ್ಲಿ ಇದ್ದವನು, ಬಿಡುಗಡೆಯಾಗಿ ಬಂದವನು, ಅವನೂ ಮೀನುಗಾರರ ಮನೆಯವನೇ. ದಿಲ್ಲಿಯಿಂದ ಅಧಿಕಾರಿಯೊಬ್ಬರು ಮನೆಗೆ ಬಂದು, ಅಡುಗೆಯವರನ್ನು ಕೊನೆಗೆ ಕಂಡವರು ಯಾರು ಎಂದು ಕೇಳಿ ಬರೆದುಕೊಂಡು ಹೋದರಂತೆ. ಕಾಗದ ನಿಮಗೆ ತಲುಪುವ ಮೊದಲು ನಾನೇ ಬಾಯಲ್ಲಿ ಹೇಳಬೇಕು ಅನ್ನಿಸಿತು ಎಂದ. ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ ಎಂದು ನಾದಿನಿಯಿಂದ ಕೇಳಿಸಿದೆ. ಯಾರೂ ಕೇಳಲಿಲ್ಲ, ತಾನಾಗಿ ಹೇಳುವುದಕ್ಕೆ ಧೈರ್ಯ ಬರಲಿಲ್ಲ ಎಂದ. ಹಿಂದಿಯಲ್ಲಿ ಅವನು ಹೇಳಿದ್ದನ್ನು ನಾದಿನಿ ಒಂದೊಂದಾಗಿ ನನಗೆ ಹೇಳಿದಳು.

ಕಂಡವನು ಅವನೇ. ಅಲ್ಲಿನ ದಂಡೆಗೆ ಹತ್ತಿರ, ಎಂಟು ಮಾರು ನೀರಿನಲ್ಲಿ ಹಡಗು ಲಂಗರು ಹಾಕಿತ್ತು. ಬೆಳಗಿನ ಹೊತ್ತು, ಬಿಸಿಲು ಏರಿರಲಿಲ್ಲ. ದಂಡೆಯಲ್ಲಿದ್ದ ಕಳ್ಳರಿಗೆ ಅಡುಗೆಗೆ ಜನ ಬೇಕೆಂದು ಇವರನ್ನೂ ಸಹಾಯಕ್ಕೆ ಇಬ್ಬರನ್ನೂ ಸಣ್ಣ ದೋಣಿಗೆ ಇಳಿಸಿದರು. ದೋಣಿ ಹೋಯಿತು, ಅದು ಮರಳಿ ಬರಲಿಲ್ಲ.

"ಕೈಯಲ್ಲಿ ಎಂತ ಇತ್ತ್, ಕೇಣ್" ಅಂದೆ.

ನಾದಿನಿ ಕೇಳಿದಳು. ಉತ್ತರ ಕೇಳಿಸಿಕೊಂಡು ಫೋನನ್ನು ನನ್ನ ಕಡೆ ಚಾಚಿ, ಮುಖ ಗೋಡೆಗೆ ತಿರುಗಿಸಿದಳು.

"ಎಂತದೇ, ಹೇಳ್."

"ಸೌಟ್, ಅತ್ಗೆ. ಚಿಪ್ಪಿನ್ ಸೌಟ್."

ದಂಡೆಯಲ್ಲಾಗಿದ್ದರೆ ಹೆಂಗಸರೆಲ್ಲ ನಗುತ್ತಿದ್ದರು.

ನಾಲ್ಕಕ್ಕೂ ಉತ್ತರ ಬಂತು. ಕ್ರಮ ಕ್ರಮವೇ. ಮರುದಿನ ಬೆಳಿಗ್ಗೆ ಬುಟ್ಟಿಯನ್ನು ತಲೆಗೆ ಏರಿಸಿಕೊಂಡು ನಡೆದುಕೊಂಡೇ ಹೋದೆ, ಮಂಡಿ ನೋಯುತ್ತಿದ್ದರೂ. ದಾರಿಯಲ್ಲಿ ಕಂಡ ಹೆಂಗಸರಿಗೆ ನಾನು ಏನೂ ಹೇಳಬೇಕಾಗಲಿಲ್ಲ, ಬುಟ್ಟಿ ನೋಡಿ ತಿಳಿದುಕೊಂಡರು. ಇಲಾಖೆಯ ಕಾಗದವೂ ಆಮೇಲೆ ಬಂತು, ಅದರಲ್ಲಿಯೂ ಅದೇ ನಾಲ್ಕು ಮಾತು. ಸೌಟಿಗೆ ಅಡುಗೆಯ ಉಪಕರಣ ಎಂದು ಬರೆದಿದ್ದಾರಂತೆ. ಆ ಕಾಗದವನ್ನು ವಕೀಲರ ಮೇಜಿನ ಮೇಲೆ ಬಿಟ್ಟು ಬರಲಿಲ್ಲ, ತಂದು ಇಟ್ಟಿದ್ದೇನೆ.

ವಕೀಲರು ತೀರಿಕೊಂಡರು. ನಾದಿನಿಗೆ ಈಗ ಕಿವಿ ಸರಿ ಕೇಳಿಸುವುದಿಲ್ಲ. ಅಧಿವೇಶನ ಇದ್ದ ದಿನ ಹನ್ನೊಂದು ಗಂಟೆಗೆ ನಾನು ಈಗಲೂ ಟೀವಿ ಹಾಕುತ್ತೇನೆ. ಭಾಷೆ ಬರುವುದಿಲ್ಲ. ಯಾರೋ ಎದ್ದು ಕೇಳುತ್ತಾರೆ, ಯಾರೋ ಕಾಗದ ತಿರುವುತ್ತಾರೆ. ಯಾವ ಊರಿನ ಯಾವ ಹೆಂಗಸಿನ ಮಾತೋ ಏನೋ ಎಂದು ನೋಡುತ್ತೇನೆ. ಮುಗಿದ ಮೇಲೆ ಆರಿಸಿ ಸಾರಿಗೆ ಇಡುತ್ತೇನೆ. ಉಣ್ಣುವುದು ನಾನೊಬ್ಬಳೇ, ಮಾಡುವುದು ಇಬ್ಬರಿಗೆ ಸಾಲುವಷ್ಟು.

ಹೋದವರು ಬರುತ್ತಾರಾ ಎಂದು ಕೇಳುವ ಕ್ರಮ ನಮ್ಮ ದಂಡೆಯಲ್ಲಿ ಇಲ್ಲ. ಯಾವ ಬೋಟಿನವನಿಗೂ ಅದು ಗೊತ್ತಿರುವುದಿಲ್ಲವಲ್ಲ, ಅದಕ್ಕೆ. ನಾನೂ ಯಾರನ್ನೂ ಕೇಳಿಲ್ಲ.